ಎರಡನೇ ಗೇರಿನಲ್ಲಿ ಸಂಪಾಜೆ ಘಾಟಿ

ಕೊಡಗಿನ ರಸ್ತೆಗೆ ಗೇರ್ ಸ್ಕೂಟರ್ ಆಗಿಬರಲ್ಲ ಅನ್ನುವವರೇ ಜಾಸ್ತಿ. ಸಣ್ಣ ಚಕ್ರ, ಡ್ರಮ್ ಬ್ರೇಕ್, ಎಂಜಿನ್ ಬಲಗಡೆ ಇರುವುದರಿಂದ ಆ ಕಡೆಗೇ ವಾಲುವ ಭಾರ. ಇದೆಲ್ಲ ನಿಜವೇ. ಆದರೂ ನಾನು ಸುಂಟಿಕೊಪ್ಪದಿಂದ ಮಾದಾಪುರದ ಶಾಲೆಗೆ ಹೋಗಿಬರುವುದು ಹಳೇ ಬಜಾಜ್ ಚೇತಕ್‌ನಲ್ಲಿ. ರಜೆಗೆ ಸುಳ್ಯದ ತವರಿಗೆ ಇಳಿಯುವುದೂ ಅದರಲ್ಲೇ. ಈ ಗಾಡಿ ಬೆಟ್ಟದ ರಸ್ತೆಗೆ ಹೇಳಿ ಮಾಡಿಸಿದ್ದು ಅಂತ ನನ್ನ ನಂಬಿಕೆ. ಅದರ ಮಾತು ಕೇಳಿ ಓಡಿಸಬೇಕು, ಅಷ್ಟೇ.

ನಮ್ಮೂರ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು ರಿಟೈರ್ ಆಗಿ ಊರಿಗೆ ಹೊರಟಾಗ ಇದನ್ನು ನನಗೆ ಕೊಟ್ಟರು. ಕೆಎ 12 ನಂಬರ್, ಬೂದು ಬಣ್ಣ. ಕಾಲಿಡುವ ಜಾಗದಲ್ಲಿ ಗೊಬ್ಬರದ ಚೀಲ ಇಟ್ಟೂ ಇಟ್ಟೂ ರಬ್ಬರ್ ಪಟ್ಟಿಗಳು ನುಣ್ಣಗೆ ಸವೆದಿವೆ. ಅವನ್ನು ನಾನು ಬದಲಾಯಿಸಿಲ್ಲ. ಈಗ ಅಲ್ಲಿ ನನ್ನ ಉತ್ತರ ಪತ್ರಿಕೆಗಳ ಚೀಲ ಕೂರುತ್ತದೆ. ಎದುರಿನ ತಗಡು ಮಳೆ ನೀರನ್ನೂ ಕೆಸರನ್ನೂ ತಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಹೇಗೆ ಹಿಡಿಯುತ್ತದೆ ಅಂತ ಗೊತ್ತಲ್ವಾ? ಬೈಕಿನಲ್ಲಿ ಬರುವ ನಮ್ಮ ಪಿಟಿ ಮಾಸ್ಟರ್ ಮೊಣಕಾಲಿನ ತನಕ ಒದ್ದೆಯಾಗಿರುತ್ತಾರೆ. ನಾನು ಒಣ ಚೂಡಿದಾರದಲ್ಲೇ ಕ್ಲಾಸಿಗೆ ಹೋಗುತ್ತೇನೆ.

ಇದರ ಗೇರ್ ಎಡಗೈಯಲ್ಲಿ ಇದೆ. ಕ್ಲಚ್ ಹಿಡಿದು ಹಿಡಿಯನ್ನೇ ತಿರುಗಿಸಬೇಕು. ಕ್ಲಚ್ ಲಿವರ್ ಮೇಲಕ್ಕೆ ಎದ್ದರೆ ಒಂದನೇ ಗೇರ್. ಕೆಳಗೆ ಇಳಿಸುತ್ತಾ ಬಂದರೆ ಮೊದಲು ನ್ಯೂಟ್ರಲ್, ಆಮೇಲೆ ಎರಡು, ಮೂರು, ನಾಲ್ಕು. ಹ್ಯಾಂಡಲ್‌ನಲ್ಲೇ ಗೇರ್ ಇಡುವ ಈ ಯೋಚನೆ ಇಟಲಿಯ ಕೊರಾಡಿನೊ ದಾಸ್ಕಾನಿಯೊ ಅನ್ನುವ ಎಂಜಿನಿಯರ್‌ನದ್ದು. ಆತ ಹೆಲಿಕಾಪ್ಟರ್ ಮಾಡಲು ಹೊರಟಿದ್ದವನು. 1946ರಲ್ಲಿ ಪಿಯಾಜಿಯೊ ಕಂಪನಿಗೆ ವೆಸ್ಪಾ ಮಾಡಿಕೊಟ್ಟ. ಅದೇ ವೆಸ್ಪಾವನ್ನು ಬಜಾಜ್ ಲೈಸೆನ್ಸ್ ಪಡೆದು ನಮ್ಮಲ್ಲಿ ತಯಾರಿಸುತ್ತಿತ್ತು. ಲೈಸೆನ್ಸ್ ಮುಗಿದ ಮೇಲೆ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ಬಂತು. 145 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ನಾಲ್ಕು ಗೇರ್. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಚೇತಕ್ ಅಂದರೆ 2020ರಲ್ಲಿ ಬಂದ ಕರೆಂಟಿನ ಸ್ಕೂಟರ್ ಮಾತ್ರ ಗೊತ್ತು. ನನ್ನ ಗಾಡಿಗೆ ಚಾರ್ಜರ್ ಎಲ್ಲಿ ಸಿಕ್ಕಿಸುತ್ತೀರಿ ಅಂತ ಒಬ್ಬಳು ಕೇಳಿದ್ದಳು.

ಅವಳ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಯಾಕೆಂದರೆ ಈ ಗಾಡಿಗೆ ಬ್ಯಾಟರಿಯೇ ಇಲ್ಲ. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ಟೇ ಕರೆಂಟ್ ಹುಟ್ಟಿಸುತ್ತದೆ. ನಾನು ವಿಜ್ಞಾನದ ಟೀಚರ್, ಬಿಡ್ತೀನಾ! ಮೋಡ ಕವಿದ ಒಂದು ಮಧ್ಯಾಹ್ನ ಗಾಡಿಯನ್ನು ಶಾಲೆಯ ಜಗಲಿಯ ಎದುರು ನಿಲ್ಲಿಸಿ, ಮಕ್ಕಳನ್ನು ಗೋಡೆಯ ಕಡೆ ನೋಡಲು ಹೇಳಿ ಸ್ಟಾರ್ಟ್ ಮಾಡಿದೆ. ಐಡಲ್‌ನಲ್ಲಿ, ಅಂದರೆ ಎಕ್ಸಲೇಟರ್ ಕೊಡದೆ ಎಂಜಿನ್ ಸುಮ್ಮನೆ ಓಡುವಾಗ, ಹೆಡ್‌ಲೈಟ್ ಮಂಕಾಗಿ ಹಳದಿ. ಎಕ್ಸಲೇಟರ್ ತಿರುವಿದ ಹಾಗೆ ಗೋಡೆಯ ಮೇಲಿನ ಬೆಳಕಿನ ಬಿಲ್ಲೆ ಬಿಳಿಯಾಗುತ್ತಾ ಬಂತು. ಬಿಟ್ಟರೆ ಮತ್ತೆ ಹಳದಿ. ಹಾರನ್ ಕೂಡ ಹಾಗೇ. ಐಡಲ್‌ನಲ್ಲಿ ಗಂಟಲು ಕಟ್ಟಿದ ಸದ್ದು, ಎಂಜಿನ್ ಏರಿದರೆ ಕಿರುಚುತ್ತದೆ. ಮಕ್ಕಳು ಮತ್ತೆ ಮತ್ತೆ ಮಾಡಿಸಿದರು.

ಮಂಜು ಬಿದ್ದ ದಿನ ಇದೇ ಪಾಠ ರಸ್ತೆಯಲ್ಲಿ ಬೇಕಾಗುತ್ತದೆ. ಮಾದಾಪುರದ ದಾರಿಯಲ್ಲಿ ಹತ್ತು ಮಾರು ಮುಂದಿನದ್ದು ಕಾಣದ ಬೆಳಗುಗಳಿವೆ. ತಿರುವಿನ ಹತ್ತಿರ ಭಯಕ್ಕೆ ಮೂರನೇ ಗೇರಿನಲ್ಲೇ ನಿಧಾನ ಮಾಡಿದರೆ ಬೆಳಕು ಸಾಯುತ್ತದೆ, ಹಾರನ್ ಸಾಯುತ್ತದೆ, ಎಳೆತವೂ ಇರುವುದಿಲ್ಲ. ಅದರ ಬದಲು ತಿರುವಿಗೆ ಮೊದಲೇ ಎರಡನೇ ಗೇರಿಗೆ ಬಂದರೆ ವೇಗ ಕಡಿಮೆ, ಆದರೆ ಎಂಜಿನ್ ಚೆನ್ನಾಗಿ ತಿರುಗುತ್ತಿರುತ್ತದೆ. ಬೆಳಕು, ಸದ್ದು, ಎಳೆತ ಮೂರೂ ಒಟ್ಟಿಗೆ ಸಿಗುತ್ತವೆ. ಗೇರಿಲ್ಲದ ಸ್ಕೂಟರಿನಲ್ಲಿ ಈ ಆಯ್ಕೆ ನಮ್ಮ ಕೈಯಲ್ಲಿ ಇರಲ್ಲ.

ಇಳಿಯುವಾಗಿನ ಕಥೆ ಬೇರೆ. ಸುಂಟಿಕೊಪ್ಪದ ಮೆಕ್ಯಾನಿಕ್ ಇಕ್ಕ ಮೊದಲ ಸರ್ವಿಸ್‌ಗೆ ಹೋದಾಗಲೇ ನನ್ನನ್ನು ಕೂರಿಸಿ ಹೇಳಿದ್ದರು: “ಟೀಚರೇ, ಏರಿನಲ್ಲಿ ಈ ಗಾಡಿಗೆ ಏನೂ ಆಗಲ್ಲ. ಇಳಿಜಾರಲ್ಲಿ ನೋಡ್ಕೊಳ್ಳಿ. ಎಕ್ಸಲೇಟರ್ ಪೂರ್ತಿ ಬಿಟ್ಟು ಉದ್ದಕ್ಕೆ ಇಳೀಬೇಡಿ.”

ಯಾಕೆ ಅಂದರೆ, ಇದಕ್ಕೆ ಎಂಜಿನ್ ಒಳಗಿನ ಆಯಿಲ್ ಪೆಟ್ರೋಲ್ ಜೊತೆಯಲ್ಲೇ ಹೋಗಬೇಕು. ಲೀಟರಿಗೆ 20 ಎಂಎಲ್ ಟೂ-ಟಿ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್ ನಾವೇ ಬೆರೆಸುತ್ತೇವೆ. ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಸಿಗುವ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ. ಅಲ್ಲಿಂದ ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು ದಾಟಿ ಸಂಪಾಜೆ ಬರುವ ತನಕ ಇಳಿಜಾರೇ. ಇದೇ ಸಂಪಾಜೆ ಘಾಟಿ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಬ್ರೇಕ್ ಹಿಡಿಯುತ್ತದೆ, ಡ್ರಮ್ ಕಾಯುವುದಿಲ್ಲ. ಆದರೆ ಎಕ್ಸಲೇಟರ್ ಮುಚ್ಚಿದ್ದರಿಂದ ಪೆಟ್ರೋಲ್ ಒಳಗೆ ಹೋಗುವುದು ತೀರಾ ಕಡಿಮೆ. ಪೆಟ್ರೋಲ್ ಇಲ್ಲ ಅಂದರೆ ಆಯಿಲ್ಲೂ ಇಲ್ಲ. ಚಕ್ರ ಮಾತ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಹಾಗೇ ಬಹಳ ಹೊತ್ತು ಬಿಟ್ಟರೆ ಪಿಸ್ಟನ್ ಒಣಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ತಿರುವಿನಲ್ಲಿ ಹಿಂದಿನ ಚಕ್ರ ಲಾಕ್ ಆದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಅದಕ್ಕೇ ಇಳಿಯುವಾಗ ಆಗಾಗ ಎಕ್ಸಲೇಟರ್ ಒಂಚೂರು ಕೊಡಬೇಕು. ಒಂದು ತಿರುವು ದಾಟಿ ನೇರ ರಸ್ತೆ ಸಿಕ್ಕಾಗ ಕ್ಲಚ್ ಹಿಡಿದು, ಒಂದು ಸಲ ಗುರ್ ಅನ್ನಿಸಿ, ಮತ್ತೆ ಗೇರಿಗೆ ಬಿಡುತ್ತೇನೆ. ಸೈಲೆನ್ಸರಿನಿಂದ ನೀಲಿ ಹೊಗೆ ತೆಳ್ಳಗೆ ಬಂತೆಂದರೆ ಒಳಗೆ ಆಯಿಲ್ ಹೋಗಿದೆ ಅಂತ ನೆಮ್ಮದಿ. ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ. ಎಂಜಿನ್ ಸದ್ದು ಬದಲಾದ ಕ್ಷಣ ಕ್ಲಚ್ ಹಿಡಿದುಬಿಡಬೇಕು. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ನೋಡಿದರೆ ನನಗೆ ಹೊಟ್ಟೆ ತಳಮಳಿಸುತ್ತದೆ. ಅಷ್ಟು ಉದ್ದದ ಇಳಿಜಾರಿನಲ್ಲಿ ಪೂರ್ತಿ ಭಾರ ಆ ಸಣ್ಣ ಡ್ರಮ್‌ಗಳ ಮೇಲೆ ಹಾಕುವುದು ದಯವಿಟ್ಟು ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಜೋಡುಪಾಲ ದಾಟುವಾಗಂತೂ ನನಗೆ ಯಾವ ಅವಸರವೂ ಇರುವುದಿಲ್ಲ. ಹಿಂದಿನವರು ಹಾರನ್ ಹೊಡೆದರೆ ಪಕ್ಕಕ್ಕೆ ಸರಿದು ದಾರಿ ಕೊಡುತ್ತೇನೆ.

ಇನ್ನು ಸಾಕುವ ಖರ್ಚು. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನ್ಯೂ ಮಾಡಿಸಬೇಕು. ದ್ವಿಚಕ್ರಕ್ಕೆ 300 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಲ್ಲಿ 1,000 ಆಯಿತು, 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಲ್ಲಿ 2,000 ಆಯಿತು. ಹಸಿರು ತೆರಿಗೆ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಬೇರೆ. ಇಷ್ಟೆಲ್ಲ ಮಾಡಿಯೇ ಓಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಗೆಯ ವಿಷಯ ನನಗೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಕಣ್ಣಂದಾಜಲ್ಲಿ ಆಯಿಲ್ ಸುರಿಯುವುದಿಲ್ಲ, ಲ್ಯಾಬಿನ ಅಳತೆ ಜಾಡಿಯಂಥದ್ದೇ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ಮೊದಲು ಆಯಿಲ್, ಮೇಲಿಂದ ಪೆಟ್ರೋಲ್. ಆಗ ತಾನಾಗಿ ಬೆರೆಯುತ್ತದೆ.

ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲಕ್ಕೆ ಇದು ದೊಡ್ಡ ತಲೆನೋವು. ಹಳೇ ಕಾಲದ ರಬ್ಬರಿಗೂ ಅದು ಒಗ್ಗಲ್ಲ. ಇಕ್ಕ ಬಿಚ್ಚಿ ತೋರಿಸಿದ ಪೆಟ್ರೋಲ್ ಪೈಪ್ ಮಡಚಿದರೆ ಬಿರುಕು ಬಿಡುವಷ್ಟು ಗಟ್ಟಿಯಾಗಿತ್ತು. ಹೊಸದು ಹಾಕಿಸಿಕೊಂಡೆ. ರಜೆಯಲ್ಲಿ ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ಆಫ್ ಆಗುವ ತನಕ ಬಿಡುತ್ತೇನೆ. ಇಲ್ಲದಿದ್ದರೆ ಪೆಟ್ರೋಲ್ ಆವಿಯಾಗಿ ಆಯಿಲ್ ಮಾತ್ರ ಅಂಟಂಟಾಗಿ ಉಳಿಯುತ್ತದೆ.

ಡಿಕ್ಕಿಯಲ್ಲಿ ಒಂದು ಪ್ಲಗ್, ಪ್ಲಗ್ ಪಾನ, ಒಂದು ಕ್ಲಚ್ ಕೇಬಲ್, ಒಂದು ಗೇರ್ ಕೇಬಲ್ ಇಷ್ಟಿದ್ದರೆ ಸಾಕು. ಎರಡೂ ಚಕ್ರ ಒಂದೇ ಅಳತೆ. ಹಾಗಾಗಿ ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಪಂಕ್ಚರ್ ಅಂಗಡಿ ಇಲ್ಲದ ಕಾಡಿನ ದಾರಿಯಲ್ಲಿ ಇದಕ್ಕಿಂತ ಇನ್ನೇನು ಬೇಕು?

ನಿಮ್ಮ ಮನೆಯ ಕಾಫಿ ಗೋದಾಮಿನ ಮೂಲೆಯಲ್ಲೂ ಒಂದು ಚೇತಕ್ಕೋ ಅದರಂಥದ್ದೇ ಎಲ್‌ಎಂಎಲ್ ಸ್ಕೂಟರೋ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಸಲ ನೋಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ಪ್ಲಗ್ ಬಿಚ್ಚಿ ಆ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಕಿಕ್ಕರ್ ಮೆಲ್ಲಗೆ ಒತ್ತಿ. ಕಿಕ್ಕರ್ ಕೆಳಗಿಳಿದರೆ ಎಂಜಿನ್ ಜಾಮ್ ಆಗಿಲ್ಲ ಅಂತಲೇ. ಬಹಳ ಕಾಲ ನಿಂತ ಗಾಡಿಯ ಕ್ಲಚ್ ಪ್ಲೇಟು ಅಂಟಿಕೊಂಡಿರುತ್ತದೆ. ಗೇರಿಗೆ ಹಾಕಿ ಕ್ಲಚ್ ಹಿಡಿದು ಹಿಂದೆ ಮುಂದೆ ನೂಕಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಸುಂಟಿಕೊಪ್ಪದ ಕಡೆಯವರಾದರೆ ನನಗೊಂದು ಮಾತು ತಿಳಿಸಿ, ಇಕ್ಕನ ಗ್ಯಾರೇಜಿಗೆ ನಾನೇ ಜೊತೆಗೆ ಬರುತ್ತೇನೆ.