ನೇಪಲ್ಸ್‌ನ ಬೀಗದ ಕೋಣೆ

ಇಟಲಿಯ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿ ಮೊಸಾಯಿಕ್‌ಗಳ ಬಳಿಯೇ ಕಬ್ಬಿಣದ ಗೇಟಿನ ಒಂದು ವಿಭಾಗವಿದೆ. ‘ಗಬಿನೆಟ್ಟೊ ಸೆಗ್ರೆಟೊ’, ಅಂದರೆ ರಹಸ್ಯ ಕೊಠಡಿ, ಎಂದು ಹೆಸರಾದ ಇಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪ್ರಾಚೀನ ರೋಮನ್ ಪಟ್ಟಣಗಳಾದ ಪಾಂಪೈ ಮತ್ತು ಹರ್ಕ್ಯುಲೇನಿಯಂ ಉತ್ಖನನಗಳಲ್ಲಿ ದೊರೆತ ಕಾಮಸಂಬಂಧಿ ಚಿತ್ರ, ಶಿಲ್ಪ ಹಾಗೂ ಕಂಚಿನ ವಸ್ತುಗಳನ್ನು ಇರಿಸಿದ್ದಾರೆ. 14 ವರ್ಷದೊಳಗಿನವರು ಹಿರಿಯರ ಜೊತೆಯಲ್ಲಿಯೇ ಒಳಹೋಗಬೇಕು. ನಾನು ಹೋದದ್ದು ಹೆಂಡತಿ ಮತ್ತು ಅತ್ತೆಯವರೊಂದಿಗೆ. ಅಳಿಯನಾದವನ ಪಾಡನ್ನು ವಿವರಿಸಬೇಕಿಲ್ಲ.

ಸಂಕೋಚ ಕಳೆದವರು ಅತ್ತೆಯವರೇ. ಗಾಜಿನ ಕಪಾಟಿನಲ್ಲಿ ರೆಕ್ಕೆ ಮೂಡಿದ ಕಂಚಿನ ಶಿಶ್ನಗಳು, ಅವುಗಳಿಂದ ಇಳಿಬಿದ್ದ ಪುಟ್ಟ ಗಂಟೆಗಳು. ಸ್ವಲ್ಪ ಹೊತ್ತು ಬಗ್ಗಿ ನೋಡಿದ ಅವರು, “ಇದು ದೃಷ್ಟಿಗೆ ಕಟ್ಟಿದ್ದೇ ಇರಬೇಕು ಅಳಿಯಂದಿರೇ, ನಮ್ಮಲ್ಲಿ ಬಾಗಿಲಿಗೆ ಬೂದುಗುಂಬಳ ಕಟ್ಟೋ ಹಾಗೆ” ಎಂದರು. ವಿದ್ವಾಂಸರು ಹೇಳುವುದೂ ಅದನ್ನೇ: ರೋಮನ್ನರು ಕೆಟ್ಟ ಕಣ್ಣು ತಾಗದಿರಲೆಂದು ಇಂಥವನ್ನು ಮನೆ, ಅಂಗಡಿಗಳಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತಿದ್ದರು.

ಹೀಗೆ ಬೀದಿಯವರೆಲ್ಲ ನೋಡುತ್ತಿದ್ದ ವಸ್ತುವಿಗೆ ಬೀಗ ಬಿದ್ದದ್ದು 1819ರಲ್ಲಿ. ಆಗ ನೇಪಲ್ಸನ್ನು ಆಳುತ್ತಿದ್ದ ರಾಜಮನೆತನದವನೂ ಮುಂದೆ ದೊರೆಯಾದವನೂ ಆದ ಯುವರಾಜ ಫ್ರಾನ್ಸಿಸ್ ಪತ್ನಿ ಮತ್ತು ಮಗಳೊಡನೆ ಸಂಗ್ರಹಾಲಯಕ್ಕೆ ಬಂದವನು, ಇವನ್ನೆಲ್ಲ ಒಂದೇ ಕೋಣೆಯಲ್ಲಿಟ್ಟು ಪ್ರೌಢ ವಯಸ್ಸಿನ, ಸನ್ನಡತೆಯ ಜನರಿಗೆ ಮಾತ್ರ ತೋರಿಸಬೇಕೆಂದು ಸೂಚಿಸಿದ. 1849ರಲ್ಲಿ ಬಾಗಿಲು ಪೂರ್ತಿ ಮುಚ್ಚಿತು. ಆಮೇಲೆ ಅದಕ್ಕೆ ಅಡ್ಡಗೋಡೆಯನ್ನೇ ಎಬ್ಬಿಸಿದರು. 1860ರಲ್ಲಿ ಇಟಲಿಯ ಏಕೀಕರಣದ ಸೇನಾನಿ ಗ್ಯಾರಿಬಾಲ್ಡಿ ತೆರೆಸಿದರೂ, ಫ್ಯಾಸಿಸ್ಟರ ಕಾಲಕ್ಕೆ ಮತ್ತೆ ಸರ್ಕಾರದ ಅನುಮತಿ ಬೇಕಾಯಿತು. ಸಾರ್ವಜನಿಕರಿಗೆ ನಿರಾತಂಕವಾಗಿ ತೆರೆದದ್ದು 2000ದಲ್ಲಿ.

ಒಳಗಿರುವುದೆಲ್ಲ ದೃಷ್ಟಿಬೊಂಬೆಯಂತೆ ನಿರುಪದ್ರವಿ ಎಂದು ನಾನು ವಾದಿಸಲಾರೆ. 1752ರಲ್ಲಿ ಹರ್ಕ್ಯುಲೇನಿಯಂನಲ್ಲಿ ಸಿಕ್ಕ ಅಮೃತಶಿಲೆಯ ಶಿಲ್ಪದಲ್ಲಿ, ಮೇಕೆಯ ಕಾಲುಗಳುಳ್ಳ ಪ್ಯಾನ್ ದೇವತೆ ಮೇಕೆಯೊಂದನ್ನು ಕೂಡುತ್ತಿದ್ದಾನೆ. ಅದರ ಗಡ್ಡವನ್ನು ಹಿಡಿದುಕೊಂಡಿದ್ದಾನೆ, ಎರಡೂ ಮುಖಗಳು ಪರಸ್ಪರ ನೋಡುತ್ತಿವೆ. ಕೆತ್ತನೆ ಎಷ್ಟು ನಯವಾಗಿದೆಯೆಂದರೆ, ಮುಖ ತಿರುಗಿಸಿದವನು ಮತ್ತೆ ತಿರುಗಿ ನೋಡಿದೆ. ಮಕ್ಕಳ ಜೊತೆ ಹಿರಿಯರಿರಬೇಕೆಂಬ ಈಗಿನ ನಿಯಮ ನನಗೆ ಸರಿಯೆನಿಸುತ್ತದೆ. ಒಪ್ಪಲಾಗದಿರುವುದು, ಯಾರ ನಡತೆ ಒಳ್ಳೆಯದೆಂದು ಅರಮನೆ ತೀರ್ಮಾನಿಸುವ ಪದ್ಧತಿಯನ್ನು.

ಆ ಪದ್ಧತಿ ಹೇಗೆ ನಡೆಯುತ್ತಿತ್ತೆಂಬುದು ಮರುದಿನ ಪಾಂಪೈಯಲ್ಲಿ ವೆಟ್ಟಿ ಎಂಬವರ ಪುರಾತನ ಮನೆಯ ಮುಂದೆ ತಿಳಿಯಿತು. ಅಲ್ಲಿ ಬಾಗಿಲಲ್ಲೇ ಫಲವಂತಿಕೆಯ ದೇವತೆ ಪ್ರಿಯಾಪಸ್ ತನ್ನ ಬೃಹತ್ ಶಿಶ್ನವನ್ನು ತಕ್ಕಡಿಯಲ್ಲಿಟ್ಟು ಹಣದ ಚೀಲಕ್ಕೆ ತೂಗುತ್ತಿರುವ ಚಿತ್ರವಿದೆ. ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಅದಕ್ಕೆ ಬೀಗದ ಮುಚ್ಚಳವಿತ್ತು. ಗಂಡಸರು ಒಂದಿಷ್ಟು ಕಾಸು ಕೊಟ್ಟರೆ ಕಾವಲುಗಾರ ತೆರೆದು ತೋರಿಸುತ್ತಿದ್ದ, ಹೆಂಗಸರಿಗೆ ನಿಷಿದ್ಧ. ಇದನ್ನು ಓದಿ ಹೇಳಿದಾಗ ಹೆಂಡತಿ, “ಹಾಗಾದರೆ ಅಮ್ಮನೂ ನಾನೂ ಬಿಸಿಲಲ್ಲಿ ನಿಂತಿರಬೇಕಾಗಿತ್ತು, ನೀವು ದುಡ್ಡು ಕೊಟ್ಟು ಸನ್ನಡತೆಯವರಾಗಿ ನೋಡಿಕೊಂಡು ಬರುತ್ತಿದ್ದಿರಿ” ಎಂದಳು.