ಹನ್ನೊಂದು ಗಂಟೆಯ ಹಿಮ

ಬೆಟ್ಟಗಳ ನಡುವೆ ಒಂದು ಹುಲ್ಲಿನ ಏರ್‌ಸ್ಟ್ರಿಪ್, ಚಳಿಗಾಲದಲ್ಲಿ ಅಲ್ಲಿ ಹಿಮ ತೆಗೆಯೋರು ಯಾರೂ ಇಲ್ಲ, ವಸಂತ ಬಂದ್ಮೇಲೆ ತಾನಾಗೇ ಕರಗಿ ಹೋಗ್ಬೇಕು ಅಷ್ಟೇ. ಅಲ್ಲಿನ್ನೂ ಒಂದೂವರೆ ಗೇಣು ಹಿಮ ಇರುವಾಗ್ಲೇ ನಾವು ಸ್ಕೀ (ಹಿಮದ ಮೇಲೆ ಜಾರೋಕೆ ವಿಮಾನದ ಕಾಲಿಗೆ ಹಾಕೋ ಉದ್ದನೆ ಚಪ್ಪಟೆ ಪಟ್ಟಿ) ಇಲ್ದೆ ಬರೀ ಗಾಲಿ ಮೇಲೆ ಹೋಗಿ ಇಳಿದ್ವಿ. ನಾವು ಅಂದ್ರೆ ನಾನು, ಲೈಸೆನ್ಸ್ ಬಂದು ಇನ್ನೂ ವರ್ಷ ಆಗಿರ್ಲಿಲ್ಲ, ಮತ್ತೆ ನನ್ನ ಫ್ರೆಂಡ್ ಒಬ್ಬ. ವಿಮಾನ ಅವನದ್ದು, ಸೆಸ್ನಾ 180, ಮೂತಿ ಮೇಲೆತ್ಕೊಂಡು ಬಾಲದ ಪುಟ್ಟ ಗಾಲಿ ಮೇಲೆ ಕೂರೋ ಹಳೇ ಮಾದರಿ. ದೊಡ್ಡ ಟೈರ್ ಹಾಕ್ಸಿದ್ದ, ಅದೇ ನಮ್ಮ ಧೈರ್ಯ.

ಬೆಳಿಗ್ಗೆ ಏಳಕ್ಕೆ ಇಳಿದಾಗ ಎಂಥಾ ಮಜಾ ಅಂತೀರಿ. ಹಗಲು ಬಿಸಿಲಿಗೆ ಮೇಲ್ಪದರ ಕರಗಿರುತ್ತೆ, ರಾತ್ರಿ ಆಕಾಶ ತಿಳಿಯಾಗಿದ್ರೆ ಆ ನೀರೆಲ್ಲ ಹೆಪ್ಪುಗಟ್ಟಿ ಹಲಗೆ ಥರ ಆಗುತ್ತೆ, ಅದರ ಮೇಲೆ ನಮ್ಮ ಗಾಲಿ ಒಂದು ಬೆರಳಿನಷ್ಟೂ ಹೂಳ್ಲಿಲ್ಲ. ಟಾರ್ ರಸ್ತೆ ಇದ್ದಂಗಿದೆ ಅಂತ ಫ್ರೆಂಡ್ ಹೇಳಿದ, ನಾನೂ ಹೂಂಗುಟ್ಟಿದೆ. ಎಂಟೂವರೆಗೆ ವಾಪಸ್ ಹೊರಡೋದು ಅಂತ ಮಾತಾಗಿತ್ತು. ಆದ್ರೆ ಬಿಸಿಲು ಬೇರೆ ಹಿತವಾಗಿತ್ತು, ಫೋಟೊ ತೆಗೆದು, ರನ್‌ವೇ ಉದ್ದಕ್ಕೂ ಓಡಾಡಿ, ಮತ್ತೆ ಫೋಟೊ ತೆಗೆದು, ಗಡಿಯಾರ ನೋಡಿದ್ರೆ ಹನ್ನೊಂದು. ನಡೆಯುವಾಗ ಕಾಲು ಮೀನಖಂಡದವರೆಗೆ ಇಳೀತಾ ಇದೆ ಅನ್ನೋದು ಗೊತ್ತಾಗ್ತಾ ಇತ್ತು, ಆದ್ರೆ ಅದಕ್ಕೂ ವಿಮಾನಕ್ಕೂ ಸಂಬಂಧ ಇದೆ ಅಂತ ಇಬ್ಬರ ತಲೆಗೂ ಹೋಗ್ಲಿಲ್ಲ ನೋಡಿ.

ಟೇಕಾಫ್‌ಗೆ ಥ್ರಾಟಲ್ ಪೂರ್ತಿ ಕೊಟ್ರೆ ಇಂಜಿನ್ ಬೊಬ್ಬೆ ಹೊಡೀತಾ ಇದೆ, ವಿಮಾನ ಮಾತ್ರ ಕೆಸರಲ್ಲಿ ಸಿಕ್ಕಿದ ಎಮ್ಮೆ ಥರ ಹೆಜ್ಜೆ ಎತ್ತಿ ಎತ್ತಿ ಇಡ್ತಾ ಇದೆ. ಫ್ಲೈಯಿಂಗ್ ಕಲಿಯುವಾಗ ಒಂದು ಲೆಕ್ಕ ಹೇಳ್ಕೊಟ್ಟಿರ್ತಾರೆ, ಅರ್ಧ ರನ್‌ವೇ ಮುಗಿಯೋದ್ರೊಳಗೆ ಟೇಕಾಫ್ ಸ್ಪೀಡಿನ 70 ಪರ್ಸೆಂಟ್ ಬರದಿದ್ರೆ ಬಿಟ್ಬಿಡಿ ಅಂತ. ನಮಗೆ ಏಳೋಕೆ ಸುಮಾರು 50 ನಾಟ್ (ಗಂಟೆಗೆ ಹತ್ರ ಹತ್ರ 93 ಕಿಲೋಮೀಟರ್) ಬೇಕು, ಅಂದ್ರೆ ಅರ್ಧದಲ್ಲಿ 35. ಮುಳ್ಳು 25ರ ಹತ್ರ ಒದ್ದಾಡ್ತಾ ಇತ್ತು. "ಬಿಡೋ, ಬಿಡು" ಅಂತ ನಾನು ಕಿರುಚಿದೆ, ಅವನೂ ಅಷ್ಟೊತ್ತಿಗೆ ಥ್ರಾಟಲ್ ಹಿಂದಕ್ಕೆಳೆದು ಪವರ್ ಇಳಿಸಿದ್ದ. ಗಾಲಿ ಹೂತುಕೊಂಡು ನಿಂತಿತು, ಬಾಲ ಒಂದು ಮೊಳ ಮೇಲಕ್ಕೆದ್ದು, ಮೂತಿ ಹಿಮಕ್ಕೆ ಬಗ್ಗಿ, ಆ ಒಂದು ಕ್ಷಣ ಪ್ರೊಪೆಲ್ಲರ್ ಹೋಯ್ತು ಅಂತಲೇ ಅಂದ್ಕೊಂಡೆ, ಆಮೇಲೆ ಧೊಪ್ ಅಂತ ಬಾಲ ಕೆಳಗೆ ಬಿತ್ತು. ಬಾಲ ಕೆಳಗೇ ಇರ್ಲಿ ಅಂತ ಅವನು ಕಂಟ್ರೋಲನ್ನ ಹೊಟ್ಟೆಗೆ ಒತ್ಕೊಂಡು ಹಿಡಿದಿದ್ದಕ್ಕೆ, ಬ್ರೇಕ್ ಮುಟ್ಟದೇ ಇದ್ದದ್ದಕ್ಕೆ ಉಳಿದ್ವಿ. ಗಾಬರಿಯಲ್ಲಿ ಬ್ರೇಕ್ ಒತ್ತಿದ್ರೆ ಪಲ್ಟಿ ಗ್ಯಾರಂಟಿ.

ಇಳಿದು ನೋಡಿದ್ರೆ ನಾವು ಬಂದ ದಾರಿ ಉದ್ದಕ್ಕೂ ಎರಡು ಕೊರಕಲು, ಹೆಜ್ಜೆ ಹಾಕಿ ಎಣಿಸಿದೆ, ನೂರಾ ಎಂಬತ್ತು ಹೆಜ್ಜೆ, ಗೇಣುದ್ದ ಆಳ. ವಿಮಾನ ತಿರುಗಿಸೋಕೆ ಅಂತ ಇಂಜಿನ್ ರೇಸ್ ಮಾಡಿದ ಕಡೆ ಇನ್ನೊಂದು ದೊಡ್ಡ ಗುಂಡಿ, ಅದೂ ಸಾಲ್ದು ಅಂತ ಬೆಳಿಗ್ಗೆಯಿಂದ ನಾವು ಓಡಾಡಿದ ಕಾಲಿನ ತೂತುಗಳು ರನ್‌ವೇ ತುಂಬಾ.

ಸಂಜೆವರೆಗೂ ಏನೂ ಮಾಡ್ಲಿಲ್ಲ, ಕಾದು ಕೂತ್ವಿ. ನಾಳೆ ಬೆಳಿಗ್ಗೆ ಗಟ್ಟಿ ಆಗುತ್ತೆ, ಆಗ ಹೊರಡೋದು, ಮುಗೀತು ಅಂತ ನಮ್ಮ ಪ್ಲಾನ್. ಬ್ಯಾಟರಿ ಉಳಿಯಲಿ ಅಂತ ರೇಡಿಯೊ ಆಫ್ ಮಾಡಿದ್ವಿ. ಐದರ ಹೊತ್ತಿಗೆ ಮೋಡ ಕವಿದು ಎಲ್ಲ ಬೆಳ್ಳಗೆ ಒಂದೇ ಆಗಿತ್ತು, ನೆಲ ಎಲ್ಲಿ ಆಕಾಶ ಎಲ್ಲಿ ಅಂತ ಗೊತ್ತಾಗ್ದಂಗೆ, ಆಗ ಇಂಜಿನ್ ಶಬ್ದ. ನಾವಿಬ್ಬರೂ ರನ್‌ವೇ ನಡುಮಧ್ಯ ನಿಂತು ಬಾಯಿ ಬಿಟ್ಕೊಂಡು ನೋಡ್ತಾ ಇದ್ದೀವಿ! ಎದೆ ಧಸಕ್ಕಂತು. ಫ್ರೆಂಡ್ ವಿಮಾನದ ಕಡೆ ಓಡಿ ರೇಡಿಯೊ ಹಾಕಿದ, ಆ ಕಡೆಯಿಂದ ಶಾಂತವಾದ ದನಿ, ಆಯಪ್ಪ ಹತ್ತು ಮೈಲಿ ದೂರದಿಂದ್ಲೇ ನಾನೆಲ್ಲಿದೀನಿ, ಎಷ್ಟು ಎತ್ತರದಲ್ಲಿದೀನಿ ಅಂತ ಹೇಳ್ಕೊಂಡೇ ಬರ್ತಾ ಇದ್ರಂತೆ, ಕಂಟ್ರೋಲ್ ಟವರ್ ಇಲ್ಲದ ಕಡೆ ಅದೊಂದೇ ದಾರಿ, ಕೇಳಿಸ್ಕೊಳ್ಳೋರು ರೇಡಿಯೊ ಆಫ್ ಮಾಡ್ಕೊಂಡು ಕೂತಿದ್ರೆ ಅವರೇನು ಮಾಡ್ತಾರೆ.

ಅವರದ್ದು ಸ್ಕೀ ವಿಮಾನ, ಗಾಲಿಯೂ ಇದೆ, ಬೇಕಾದಾಗ ಸ್ಕೀ ಇಳಿಸ್ಕೊಳ್ಳೋ ಥರದ್ದು. ಈ ಉಪಾಯ ಹೊಸದೇನಲ್ಲ, ಸ್ವಿಟ್ಜರ್ಲೆಂಡಿನ ಪೈಲಟ್ ಹರ್ಮನ್ ಗೈಗರ್ 1952ರಲ್ಲೇ ಇಂಥ ಸ್ಕೀ ಹಾಕಿದ ಪೈಪರ್ ವಿಮಾನವನ್ನ ಹಿಮನದಿ ಮೇಲೆ ಇಳಿಸಿದ್ರು. ನಮ್ಮ ಈ ಹಿರಿಯರು ಎರಡು ಸಲ ಕೆಳಗೆ ಹಾರಿ ನೋಡಿದ್ರು, ಮೂರನೇ ಸಲ ನಮ್ಮ ಕೊರಕಲು ಬಿಟ್ಟು ಮರಗಳ ಅಂಚಿನ ಕಡೆ ಸ್ಕೀ ಬರೀ ಸವರಿಸಿ ಮತ್ತೆ ಮೇಲೆದ್ರು, ಸುತ್ತು ಹಾಕಿ ಬಂದು ತಮ್ಮದೇ ಗೆರೆ ಎಷ್ಟು ಆಳ ಬಿದ್ದಿದೆ ಅಂತ ನೋಡಿ ಆಮೇಲೆ ಇಳಿದ್ರು. ಅದ್ಯಾಕೆ ಅಂಚಿಗೇ ಹೋದ್ರು ಅಂದ್ರೆ ಆ ಬೆಳಕಲ್ಲಿ ನೆಲ ಎಷ್ಟು ದೂರ ಇದೆ ಅಂತ ಕಣ್ಣಿಗೆ ಅಂದಾಜೇ ಸಿಗಲ್ಲ, ಕಪ್ಪು ಮರಗಳಿದ್ರೆ ಅದೇ ಅಳತೆಗೋಲು. ಮರವೂ ಇಲ್ಲದ ಕಡೆ ಮೊದಲು ಮೇಲಿಂದ ಕೊಂಬೆಗಳನ್ನ ಎಸೆದು ಆಮೇಲೆ ಇಳಿಯೋರಿದ್ದಾರಂತೆ.

ಬೈತಾರೆ ಅಂತ ಕಾದಿದ್ವಿ. ಅವರು ನಮ್ಮ ಕಡೆ ನೋಡ್ಲೂ ಇಲ್ಲ, ಹಿಂದಿನಿಂದ ಎರಡು ಹಲಗೆ ತೆಗೆದು ಒಂದೊಂದೇ ಸ್ಕೀ ಕೆಳಗೆ ತುರುಕಿದ್ರು. ಉಜ್ಜಿ ಬಿಸಿಯಾದ ಸ್ಕೀ ಕೆಳಗಿನ ಹಿಮ ಕರಗಿಸುತ್ತೆ, ನಿಂತ್ಮೇಲೆ ಅದೇ ನೀರು ಹೆಪ್ಪುಗಟ್ಟಿ ಸ್ಕೀನ ಕಚ್ಕೊಂಡು ಬಿಡುತ್ತೆ, ಬೆಳಿಗ್ಗೆ ಇಂಜಿನ್ ಎಷ್ಟು ಎಳೆದ್ರೂ ಬರಲ್ಲ, ಅದಕ್ಕೆ ಹಲಗೆ. ಆ ಕೆಲಸ ಮುಗಿಸಿ, ಸಲಿಕೆ ಒಂದನ್ನ ನನ್ನ ಕೈಗೆ ಕೊಟ್ಟು, "ಏನ್ರಪ್ಪಾ, ಕತ್ತಲಾಗೋದ್ರೊಳಗೆ ಮುಚ್ತೀರೋ ಇಲ್ವೋ?" ಅಂದ್ರು.

ಬೆಳಿಗ್ಗೆ ಎಲ್ಲ ಗಟ್ಟಿ ಆಗುತ್ತಲ್ಲ ಸರ್ ಅಂದೆ. ಗಟ್ಟಿಯಾಗೋದು ಕೊರಕಲೂನೂ ಅಲ್ವಾ ಅಂದ್ರು.

ಅಲ್ಲಿ ನನಗೆ ನಾಚಿಕೆ ಆಗಿದ್ದು. ರಾತ್ರಿ ಕಳೆದ್ರೆ ಆ ಎರಡು ಗೆರೆ ಮಂಜುಗಡ್ಡೆಯ ರೈಲು ಹಳಿ ಆಗುತ್ತೆ, ಅದರೊಳಗೆ ಯಾರದ್ದಾದ್ರೂ ಸ್ಕೀ ಹೊಕ್ರೆ ವಾಪಸ್ ಬರಲ್ಲ, ಅದು ಎಳೆದ ಕಡೆ ವಿಮಾನ ಹೋಗ್ಬೇಕು, ಇಲ್ಲಾಂದ್ರೆ ಕಾಲು ಮುರೀಬೇಕು. ಮೀನಖಂಡದ ಆಳದ ಒಂದೊಂದು ಹೆಜ್ಜೆ ತೂತೂ ಅಷ್ಟೇ. ಮಾಡಿದ್ದುಣ್ಣೋ ಮಹರಾಯ ಅಂತಾರೆ, ಇಲ್ಲಿ ಮಾಡಿದೋರು ಎದ್ದು ಹೋಗಿರ್ತಾರೆ, ಉಣ್ಣೋನು ಮುಂದಿನ ವಾರ ಬರೋ ಇನ್ಯಾವನೋ ಪಾಪದೋನು.

ಮುಚ್ಚೋದಕ್ಕೂ ಒಂದು ಕ್ರಮ ಇದೆ. ನಾನು ಸಲಿಕೆಗಟ್ಟಲೆ ಹಿಮ ಎತ್ತಿ ಸುರಿದೆ, ಅವರು ತಡೆದ್ರು. ಮೊದಲು ಎರಡೂ ಬದಿಗೆ ಎದ್ದ ದಿಂಡನ್ನ ಕಡಿದು ಒಳಗೆ ಕೆಡವಬೇಕು, ಅರ್ಧ ತುಂಬಿ ತುಳೀಬೇಕು, ಮತ್ತೆ ತುಂಬಿ ತುಳೀಬೇಕು, ಆಮೇಲೆ ಸಲಿಕೆ ಬೆನ್ನಿಂದ ತಟ್ಟಿ ಮಟ್ಟ ಮಾಡ್ಬೇಕು. ಕೆದಕಿ ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳೋಕೆ ಕೆಲವು ಗಂಟೆ ಬೇಕು, ಹಾಗಾಗಿ ಬೆಳಿಗ್ಗೆ ಮಾಡ್ತೀನಿ ಅಂದ್ರೆ ನಡೆಯಲ್ಲ, ಮುಂಚಿನ ಸಂಜೆಯೇ ಆಗ್ಬೇಕು. ಹೆಡ್‌ಲ್ಯಾಂಪ್ ಹಾಕ್ಕೊಂಡು ಒಂಬತ್ತರವರೆಗೆ ಮಾಡಿದ್ವಿ, ಕೊನೆಕೊನೆಗೆ ನನ್ನ ಬೆನ್ನು ನನ್ನದಲ್ಲ ಅನ್ನಿಸ್ತಾ ಇತ್ತು, ಒಂದೆರಡು ಕಡೆ ಸುಮ್ನೆ ಮೇಲಿಂದ ಮೇಲೆ ತೇಪೆ ಹಾಕಿದ್ದೂ ನಿಜ.

ಮಲಗೋ ಮುಂಚೆ ಅವರು ಪಾರ್ಕಿಂಗ್ ಬ್ರೇಕ್ ಹಾಕ್ಬೇಡಿ, ಒದ್ದೆ ಹಿಮ ಸೇರಿದೆ, ಕಚ್ಕೊಳ್ಳುತ್ತೆ ಅಂದ್ರು. ನನ್ನ ತಲೇಲಿ ಇದ್ದದ್ದು ಆ ಮೋಡ ಒಂದೇ. ಮೋಡ ಇದ್ರೆ ಕಂಬಳಿ ಹೊದ್ದ ಹಾಗೆ, ನೆಲದ ಶಾಖ ಮೇಲೆ ಹೋಗಲ್ಲ, ಹಿಮ ಹೆಪ್ಪುಗಟ್ಟಲ್ಲ, ನಾವು ಇನ್ನೊಂದು ದಿನ ಇಲ್ಲೇ. ಹನ್ನೆರಡಕ್ಕೆ ಎದ್ದು ನೋಡಿದ್ರೆ ಮೋಡ ಹರಿದು ನಕ್ಷತ್ರ, ಅಷ್ಟು ಖುಷಿಯಿಂದ ನಾನು ಯಾವತ್ತೂ ಚಳಿ ಅನುಭವಿಸಿಲ್ಲ.

ಐದೂವರೆಗೆ ಎದ್ವಿ. ರೆಕ್ಕೆ ಮೇಲೆ ಸಣ್ಣ ಉಪ್ಪು ಕಾಗದದಂಥ ಮಂಜಿನ ಪದರ, ಕೈಗೆ ಚುಚ್ಚುತ್ತೆ ಅಷ್ಟೇ, ನೋಡೋಕೆ ಏನೂ ಅಲ್ಲ. ಅಷ್ಟಕ್ಕೇ ರೆಕ್ಕೆ ಎತ್ತೋ ಶಕ್ತಿ 30 ಪರ್ಸೆಂಟ್‌ವರೆಗೆ ಇಳೀಬಹುದು, ಗಾಳಿಯ ತಡೆ 40 ಪರ್ಸೆಂಟ್‌ವರೆಗೆ ಏರಬಹುದು ಅಂತ ಓದಿದ್ದೆ, ಆವತ್ತು ಮೊದಲ ಸಲ ಒಂದು ಚುಕ್ಕೆಯೂ ಬಿಡದೆ ಒರೆಸಿದೆ. ಬ್ರೇಕ್ ಹಾಕದಿದ್ರೂ ಎಡಗಡೆ ಗಾಲಿ ಕಚ್ಕೊಂಡಿತ್ತು, ಬ್ರೇಕ್ ಸಂದಿಯ ಐಸ್ ಕೆರೆದು ತೆಗೆದು, ವಿಮಾನವನ್ನ ಕೈಯಲ್ಲೇ ತಳ್ಳಿ ಎರಡೂ ಗಾಲಿ ಉರುಳ್ತವಾ ಅಂತ ನೋಡಿದ್ವಿ.

ಹಿರಿಯರಿಗೆ ಮೊದಲು ಹೊರಡಿ ಸರ್ ಅಂದ್ವಿ, ಮರ್ಯಾದೆಗೆ. ಅವರು ನಮ್ಮ ತೇಪೆಗಳ ಮೇಲೆ ಹಿಮ್ಮಡಿ ಕುಟ್ಟಿಕೊಂಡು ಒಂದು ರೌಂಡ್ ನಡೆದು ಬಂದು, "ಬೇಡ, ನಿಮ್ಮ ರಿಪೇರಿ ನೀವೇ ಟೆಸ್ಟ್ ಮಾಡಿ" ಅಂದ್ರು. ನಮ್ಮ ಪ್ರೊಪೆಲ್ಲರ್ ಗಾಳಿಗೆ ಅವರ ವಿಮಾನದ ಮೇಲೆ ಹಿಮ ಎರಚಬಾರದು ಅಂತ ಪೂರ್ತಿ ಆ ಕಡೆ ತನಕ ಕೈಯಲ್ಲೇ ತಳ್ಕೊಂಡು ಹೋಗಿ ಸ್ಟಾರ್ಟ್ ಮಾಡಿದ್ವಿ, ಅಷ್ಟು ಬುದ್ಧಿ ಬಂದಿತ್ತು. ಗಾಲಿ ಹೂಳದೆ ಓಡಿತು, ನಡುವೆ ಒಂದು ಕಡೆ ಮಾತ್ರ ಧಡ್ ಅಂತು, ಅರ್ಧ ಬರೋದ್ರೊಳಗೆ ಮುಳ್ಳು 40 ದಾಟಿತ್ತು, ಎದ್ವಿ.

ಸ್ಟ್ರಿಪ್ ಖಾಲಿ, ನಾವು ಉತ್ತರಕ್ಕೆ ಹೊರಟ್ವಿ ಅಂತ ರೇಡಿಯೊದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು, ಕೊನೆಯಿಂದ ಎರಡನೇ ತೇಪೆ ಸರಿಯಾಗಿ ತುಳಿದಿಲ್ಲ, ನಾನು ಮಾಡ್ಕೊಂಡು ಬರ್ತೀನಿ ಹೋಗಿ ಅಂತ.