ಇಯೊಸಿನೊಫಿಲ್ ಎಣಿಕೆಯಿಂದ ಸಿಕ್ಕ ಒಂದು ಅಪರೂಪದ ಜೀನ್

ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಸ್ಲೈಡಿಗೆ ಲೀಶ್ಮನ್ ಸ್ಟೇನ್ ಎಂಬ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಬಿಳಿ ರಕ್ತಕಣಗಳ ನಡುವೆ ಇಯೊಸಿನೊಫಿಲ್ ತಕ್ಷಣ ಕಣ್ಣಿಗೆ ಬೀಳುತ್ತದೆ. ಒಳಗೆ ಎರಡು ಭಾಗವಾದ ನ್ಯೂಕ್ಲಿಯಸ್, ಸುತ್ತ ಕಿತ್ತಳೆ ಬಣ್ಣದ ಪುಟ್ಟ ಪುಟ್ಟ ಕಾಳು. ಸಾಮಾನ್ಯವಾಗಿ ನೂರು ಬಿಳಿ ಕಣಗಳಲ್ಲಿ ಒಂದರಿಂದ ಆರರವರೆಗೆ ಇರುತ್ತವೆ. ಅಲರ್ಜಿ, ಹೊಟ್ಟೆಹುಳು, ಅಸ್ತಮಾ ಯಾವುದಿದ್ದರೂ ಏರಬಹುದು. ನಮ್ಮ ಜನ ರಿಪೋರ್ಟ್ ಹಿಡಿದುಕೊಂಡು "ಇಸ್ನೋಫಿಲಿಯಾ ಬಂದಿದೆ" ಎಂದು ಅದನ್ನೇ ಕಾಯಿಲೆ ಮಾಡಿಬಿಡುತ್ತಾರೆ. ಅದು ಕಾಯಿಲೆಯಲ್ಲ, ಒಂದು ಸುಳಿವು.

ನಮ್ಮಮ್ಮನ ಕಡೆ ಉಬ್ಬಸ ಮೊದಲಿಂದಲೂ ಇದೆ. ಅಜ್ಜಿಗಿತ್ತು, ಅಮ್ಮನಿಗಿದೆ, ಈಗ ಅಕ್ಕನ ಮಗನಿಗೂ ಬಂದಿದೆ. ಮೊನ್ನೆ ಅಕ್ಕ ಫೋನ್ ಮಾಡಿ, "ಜೀನ್ ಟೆಸ್ಟ್ ಮಾಡಿಸಿದ್ರೆ ಚಿಕ್ಕವಳಿಗೂ ಬರುತ್ತಾ ಅಂತ ಗೊತ್ತಾಗುತ್ತಂತೆ, ಹೌದೇನೇ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ತುಂಬ ಇಷ್ಟವಾದ ಅಧ್ಯಯನವೊಂದು ಐಸ್‌ಲ್ಯಾಂಡಿನದು. ಅಲ್ಲಿನ ಡಿಕೋಡ್ ಜೆನೆಟಿಕ್ಸ್ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ್ದು. ಅವರು ಹೊರಟಿದ್ದು ಅಸ್ತಮಾದಿಂದ ಅಲ್ಲ, ನಾನು ದಿನಾ ಎಣಿಸುವ ಇದೇ ಇಯೊಸಿನೊಫಿಲ್‌ನಿಂದ. 1,03,104 ಜನರ ಎಣಿಕೆಯನ್ನು ಅವರ ಡಿಎನ್‌ಎ ಜೊತೆ ಇಟ್ಟು ನೋಡಿದರು. ಕೆಲವರಲ್ಲಿ ಈ ಕಣ ಕಡಿಮೆ ಇತ್ತು. ಅವರಲ್ಲಿ ಐಎಲ್33 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ನೂರು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಮಂದಿಗೆ ಮಾತ್ರ ಇರುವ ಬದಲಾವಣೆ ಅದು. ಆಮೇಲೆ ಅಸ್ತಮಾ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದರು. ಈ ಬದಲಾವಣೆ ಇದ್ದವರಿಗೆ ಅಸ್ತಮಾ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಐಎಲ್33 ಜೀನ್‌ನಿಂದ ತಯಾರಾಗುವ ಪ್ರೊಟೀನ್ ಎಂದರೆ ಶ್ವಾಸನಾಳದ ಒಳಪದರದ ಜೀವಕೋಶಗಳು ಇಟ್ಟುಕೊಂಡಿರುವ ಅಪಾಯದ ಗಂಟೆ. ಧೂಳು, ಹೊಗೆ, ವೈರಸ್‌ನಿಂದ ಆ ಪದರಕ್ಕೆ ಪೆಟ್ಟಾದಾಗ ಈ ಪ್ರೊಟೀನ್ ಹೊರಬಂದು ರೋಗನಿರೋಧಕ ಕಣಗಳ ಮೇಲಿರುವ ಎಸ್‌ಟಿ2 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಉರಿಯೂತ ಶುರು, ಇಯೊಸಿನೊಫಿಲ್‌ಗಳು ಹೆಚ್ಚುತ್ತವೆ. ಆ ಅಪರೂಪದ ಬದಲಾವಣೆ ಇದ್ದಾಗ ಪ್ರೊಟೀನ್‌ನ ಕೊನೆಯ 66 ಕೊಂಡಿಗಳೇ (ಅಮೈನೊ ಆಮ್ಲಗಳು) ಇರುವುದಿಲ್ಲ. ಮೊಟಕಾದ ಈ ಪ್ರೊಟೀನ್ ಎಸ್‌ಟಿ2ಗೆ ಅಂಟುವುದಿಲ್ಲ. ಅಂದರೆ ಕೆಟ್ಟುಹೋದ ಜೀನ್‌ನಿಂದ ಉಸಿರಿಗೆ ಒಳ್ಳೆಯದಾಗಿದೆ! ಜೀನ್ ಕೆಟ್ಟರೆ ಕಾಯಿಲೆ ಅಂತಲೇ ಓದಿಕೊಂಡು ಬಂದ ನನಗೆ ಇದು ದೊಡ್ಡ ಪಾಠ.

ಇದರ ಉಪಯೋಗವೇನು? ಪ್ರಕೃತಿಯೇ ಆ ದಾರಿ ಮುಚ್ಚಿದರೆ ಏನಾಗುತ್ತದೆಂದು ಕಂಡಿತು, ಹಾಗಾದರೆ ಔಷಧಿಯಿಂದಲೂ ಮುಚ್ಚಬಹುದಲ್ವಾ? ಐಎಲ್33ಯನ್ನು ತಡೆಯುವ ಇಟೆಪೆಕಿಮ್ಯಾಬ್ ಎಂಬ ಚುಚ್ಚುಮದ್ದಿನ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಸುಮ್ನೆ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಚುಚ್ಚುಮದ್ದು, ಪಡೆದವರಲ್ಲಿ 41% ಮಂದಿಗೆ ಅಸ್ತಮಾ ಹತೋಟಿ ತಪ್ಪಿತು, ಈ ಔಷಧಿ ಪಡೆದವರಲ್ಲಿ 22% ಮಂದಿಗೆ. ಈಗಾಗಲೇ ಬಳಕೆಯಲ್ಲಿರುವ ಡುಪಿಲುಮ್ಯಾಬ್‌ಗಿಂತ ಮೇಲೇನೂ ಅಲ್ಲ, ನಿಜ. ಆದರೂ ಯಾರದೋ ರಕ್ತದಲ್ಲಿದ್ದ ಅಪರೂಪದ ಬದಲಾವಣೆಯೊಂದು ಆ ಬದಲಾವಣೆ ಇಲ್ಲದ ಲಕ್ಷಾಂತರ ಜನರಿಗಾಗಿ ದಾರಿ ತೋರಿಸಿತು. ಅಪರೂಪದ ಜೀನ್‌ಗಳ ಹುಡುಕಾಟ ಬೇಕಾಗಿರುವುದು ಇದಕ್ಕೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಮಗುವಿನ ಭವಿಷ್ಯ ಹೇಳುವುದಕ್ಕಲ್ಲ.

ಮನೆಯಲ್ಲಿ ಉಬ್ಬಸ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ ಅನ್ನುವುದಂತೂ ಖಂಡಿತ. ಆದರೆ ಅದರ ಹಿಂದೆ ಒಂದೊಂದೂ ಚೂರುಪಾರು ಕೆಲಸ ಮಾಡುವ ಎಷ್ಟೋ ಜೀನ್‌ಗಳಿವೆ. ಜೊತೆಗೆ ಗಾಳಿಯೂ ಇದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಕೊಟ್ಟ ಲೆಕ್ಕ ನೋಡಿ: 1979ರಲ್ಲಿ 9% ಮಕ್ಕಳಿಗೆ ಅಸ್ತಮಾ, 1999ರಲ್ಲಿ 29.5%. ಇಪ್ಪತ್ತು ವರ್ಷದಲ್ಲಿ ಊರಿನ ಜನರ ಜೀನ್ ಬದಲಾಗುವುದಿಲ್ಲ. ಬದಲಾಗಿದ್ದು ರಸ್ತೆ, ವಾಹನ, ಹೊಗೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಗ್ರಿನ್ ಎಂಬ ಜೀನ್ ಇದೆ. ಅದು ಕೆಟ್ಟರೆ ಎಕ್ಸಿಮಾ ಎಂಬ ಚರ್ಮದ ತುರಿಕೆ, ಅದರ ಬೆನ್ನಿಗೇ ಅಸ್ತಮಾ ಬರಬಹುದು ಎಂದು 2006ರಲ್ಲಿ ತಿಳಿಯಿತು. ಆಗ ಸಿಕ್ಕ ಎರಡು ಬದಲಾವಣೆಗಳಲ್ಲಿ ಒಂದಾದರೂ ಯುರೋಪಿನವರಲ್ಲಿ ಸುಮಾರು 9% ಜನರಿಗಿದೆ. ಏಷ್ಯಾದಲ್ಲಿ ಆ ಎರಡೂ ಬಹಳ ವಿರಳ, ಇಲ್ಲಿನವು ಬೇರೆ. ಅವರ ಪಟ್ಟಿ ಹಿಡಿದು ಅಕ್ಕನ ಮಗಳನ್ನು ಪರೀಕ್ಷಿಸಿದರೆ "ಏನೂ ಇಲ್ಲ" ಎಂದು ಬರಬಹುದು. ಅದನ್ನು ನಂಬಿ ನೆಮ್ಮದಿಯಾಗಿರಲು ಆಗುತ್ತದಾ?

ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವುದು ಹೊಸದಲ್ಲ, ನಮ್ಮಮ್ಮನ ಮದುವೆಯೂ ಹಾಗೇ ಆಗಿದ್ದು. ಇಂಥ ಮನೆಗಳಲ್ಲಿ ಒಂದೇ ಅಪರೂಪದ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಅದು ತೊಂದರೆ ಕೊಡುವಂಥದ್ದೂ ಆಗಿರಬಹುದು, ಐಎಲ್33ಯಂತೆ ಕಾಯುವಂಥದ್ದೂ ಆಗಿರಬಹುದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಪೂರ್ತಿ ಡಿಎನ್‌ಎ ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟರು. ಈಗ ಬೇಕಿರುವುದು ಉಬ್ಬಸದ ಮನೆಗಳನ್ನು ಹುಡುಕಿಕೊಂಡು ಹೋಗುವ ಕೆಲಸ.

ಅಕ್ಕನಿಗೆ, ಟೆಸ್ಟಿಗೆ ಇಟ್ಟ ದುಡ್ಡಲ್ಲಿ ಮಗನಿಗೆ ಒಳ್ಳೆಯ ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ತಂದುಕೊಡು, ಡಾಕ್ಟರ್ ಹೇಳಿದ ಇನ್ಹೇಲರನ್ನು ಕೆಮ್ಮಿಲ್ಲದ ದಿನವೂ ಬಿಡಬೇಡ, ಸೊಳ್ಳೆ ಬತ್ತಿ ಹಚ್ಚಬೇಡ ಎಂದೆ. ಚಿಕ್ಕವಳಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು ಕಂಡರೆ ತಡ ಮಾಡದೆ ತೋರಿಸು ಎಂದೂ ಹೇಳಿದ್ದೇನೆ. ಯಾವುದಾದರೂ ಸಂಶೋಧನೆಯವರು ನಮ್ಮಂಥ ಮನೆಗಳ ರಕ್ತ ಕೇಳಿಕೊಂಡು ಬಂದರೆ, ಒಪ್ಪಿದವರೆಲ್ಲರ ರಕ್ತ ನಾನೇ ತೆಗೆದುಕೊಡುತ್ತೇನೆ. ಅಮ್ಮ ಈಗಲೇ ಒಪ್ಪಿದ್ದಾರೆ.